ಹಾಡು ಯಾರದು?

ಮೆಚ್ಚಿನ ಹಾಡು ಯಾವುದೆಂದು ಯಾರನ್ನಾದರೂ ಕೇಳಿ ನೋಡಿ. ಒಡನೆಯೇ ಉತ್ತರ ಬರುತ್ತದೆ. ಏಕೆ ಮೆಚ್ಚು ಎಂದರೆ ರಾಗ, ಸಾಹಿತ್ಯ, ಹಾಡಿದವರ ಕಂಠ ಎಂದು ಮೊದಲಾಗುತ್ತದೆ. ಇನ್ನೂ ಸ್ವಲ್ಪ ಕೆದಕಿದರೆ ಮಾತು ಬೇರೆಯೇ ದಾರಿ ಹಿಡಿಯುತ್ತದೆ. “ನಮ್ಮ ಅಕ್ಕನ ಮದುವೆಯಲ್ಲಿ...” ಎಂದೋ, “ಆಗ ನಾವಿನ್ನೂ ವಡಾಲದ ಖೋಲಿಯಲ್ಲಿದ್ದೆವು...” ಎಂದೋ. ಊರು ಬಿಟ್ಟು ಬಂದವರಲ್ಲಿ ಇದು ಒಂದು ತೂಕ ಹೆಚ್ಚೇ. ಊರಿನಿಂದ ಟ್ರಂಕಿನಲ್ಲಿ ತಂದ ಪಾತ್ರೆಗಳು ಸೊಟ್ಟಗಾಗಿ ಅಟ್ಟ ಸೇರಿದವು. ತಲೆಯಲ್ಲಿ ತಂದ ಹಾಡುಗಳು ಮಾತ್ರ ದಿನಬಳಕೆಯಲ್ಲಿ ಉಳಿದಿವೆ. ಹಾಗಾದರೆ ನಾವು ಪ್ರೀತಿಸುವುದು ಹಾಡನ್ನೋ, ಹಾಡಿಗೆ ಅಂಟಿಕೊಂಡಿರುವ ನಮ್ಮನ್ನೋ?

ಈ ಪ್ರಶ್ನೆಯನ್ನು ನಾವಾಗಿ ಹುಡುಕಿಕೊಂಡು ಹೋದವರಲ್ಲ. ಒಬ್ಬ ಹಿರಿಯ ತಾಯಿ ನಮ್ಮ ತಲೆಗೆ ಹಚ್ಚಿ ಹೋದರು.

1977ರ ಮಳೆಗಾಲ. ಮದುವೆಯಾಗಿ ಮೂರು ತಿಂಗಳು. ದಾದರಿನ ಒಂದು ಚಾಳಿನಲ್ಲಿ ಒಂದೇ ಕೋಣೆಯ ಸಂಸಾರ. ಒಂದು ಸಂಜೆ ಹಳಿಗಳ ಮೇಲೆ ನೀರು ನಿಂತು ಲೋಕಲ್ ಗಾಡಿ ಕುರ್ಲಾದಲ್ಲೇ ಕುಳಿತುಬಿಟ್ಟಿತು. ಮೊಣಕಾಲುದ್ದ ನೀರಿನಲ್ಲಿ ನಡೆದು ನಾವು ಮನೆ ಮುಟ್ಟುವ ಹೊತ್ತಿಗೆ ರಾತ್ರಿ ಹನ್ನೊಂದೂವರೆ. ಬಾಗಿಲಲ್ಲೇ ನಿಂತಿದ್ದ ನಮ್ಮಾಕೆ ಒಂದು ಮಾತೂ ಆಡದೆ ನಮ್ಮನ್ನು ನೆಟ್ಟ ಕಣ್ಣಿನಿಂದ ನೋಡಿದಳು. ಏನು ಹೇಳಬೇಕೆಂದು ನಮಗೆ ತೋಚಲಿಲ್ಲ. ಹಾಗೆ ನೋಡಬೇಡವೆಂದು ಗಂಡ ಹೆಂಡತಿಯನ್ನು ಬೇಡಿಕೊಳ್ಳುವ ಬೇಂದ್ರೆಯವರ ಆ ಪ್ರಸಿದ್ಧ ಹಾಡಿನ ಮೊದಲ ಸಾಲನ್ನು ಗುನುಗಿದೆವು. ಆಕೆ ನಕ್ಕುಬಿಟ್ಟಳು. ಅಂದಿನಿಂದ ಅದು ನಮ್ಮ ಮನೆಯ ಹಾಡಾಯಿತು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ನಾವು ಅಂದು ಆಕೆ ತಿರುಗಿ ನೋಡಿದರೆ ಅದೇ ಹಾಡು. ಸಂಬಳ ತಿಂಗಳ ಕೊನೆಯ ತನಕ ಬಾರದಿದ್ದರೆ ಅದೇ ಹಾಡು. ನಾವು ಹಾಸನದ ಕಡೆಯವರು. ಧಾರವಾಡದ ಆ ಮಾತಿನ ಬೆಡಗೇ ನಮ್ಮ ಕಿವಿಗೆ ಸರಸದಂತೆ ಕೇಳುತ್ತಿತ್ತು. ಮುಂದಿನ ನುಡಿಗಳು ಏನು ಹೇಳುತ್ತವೆಂದು ನಿಂತು ಕೇಳಲೇ ಇಲ್ಲ.

ಸಂಘದ ಭಾವಗೀತೆಯ ಸಂಜೆಗಳಲ್ಲಿ ಹೆಚ್ಚು ಚೀಟಿಗಳು ಬರುತ್ತಿದ್ದುದು ‘ಮೈಸೂರ ಮಲ್ಲಿಗೆ’ಯ ಹಾಡುಗಳಿಗೆ. ನಮ್ಮ ಚೀಟಿ ಮಾತ್ರ ಈ ಹಾಡಿಗೇ. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ನಾವು ಎದ್ದುನಿಂತು ಕುರ್ಲಾದ ಮಳೆಯ ಕಥೆಯನ್ನೂ ಹೇಳುತ್ತಿದ್ದೆವು. ಪ್ರತಿ ಸಲವೂ ಅದಕ್ಕೆ ಒಂದಿಷ್ಟು ಒಗ್ಗರಣೆ ಸೇರುತ್ತಿತ್ತು. ಸಭೆ ನಗುತ್ತಿತ್ತು. ನಗು ಅಡಗುವ ಮೊದಲೇ ಹಾಡು ಶುರುವಾಗುತ್ತಿತ್ತು.

1985ರ ಅಂಥದೊಂದು ಸಂಜೆ ಮುಗಿದ ಮೇಲೆ ಮೆಟ್ಟಿಲ ಬಳಿ ಹಿರಿಯರೊಬ್ಬರು ನಮಗಾಗಿ ಕಾದು ನಿಂತಿದ್ದರು.

“ತಮ್ಮಾ, ಕಥಿ ಛಂದ ಹೇಳಿದಿ. ಆದರ ಈ ಹಾಡು ಯಾವಾಗ ಹುಟ್ಟ್ಯದ ಗೊತ್ತದ ಏನು ನಿನಗ?”

“ಇಲ್ಲಮ್ಮ” ಎಂದೆವು.

“ಕೂಸು ತೀರಿಕೊಂಡಾಗ. ನನ್ನ ಮಗಾ ಹೋದಾಗ ನಾನೂ ಇವರನ್ನ ಹಾಂಗ ನೋಡಿದ್ದೆ.”

ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಮಗೆ ಹಗುರವಾಗುತ್ತಿತ್ತು. ಮನೆಗೆ ಬಂದು ಪುಸ್ತಕ ತೆಗೆದು ಆ ಪದ್ಯವನ್ನು ಮೊದಲ ಬಾರಿಗೆ ಕೊನೆಯವರೆಗೆ ಓದಿದೆವು. ಬೇಂದ್ರೆಯವರು ಒಂದಲ್ಲ, ಹಲವು ಮಕ್ಕಳನ್ನು ಕಳೆದುಕೊಂಡವರು. ಸತ್ತ ಮಗುವಿನ ಮುಂದೆ ತಾಯಿ ತಂದೆಯನ್ನು ನೋಡಿದ ನೋಟ ಅದು. 1981ರಲ್ಲಿ ಅವರು ಕಣ್ಣುಮುಚ್ಚಿದ್ದು ಇದೇ ಮುಂಬಯಿಯಲ್ಲಿ. ಅವರು ಹೋದ ಮೇಲೂ ನಾಲ್ಕು ವರ್ಷ ನಾವು ಆ ಹಾಡಿಗೆ ಸಭೆಯನ್ನು ನಗಿಸಿದ್ದೆವು! ಆಮೇಲೆ ಬಹಳ ಕಾಲ ಮನೆಯಲ್ಲಿ ಅದನ್ನು ಗುನುಗಲಿಲ್ಲ.

ತಪ್ಪು ಮಾಡಿದವರು ಶಾಸ್ತ್ರ ನೋಡುವುದು ವಾಡಿಕೆ. ನಾವೂ ನೋಡಿದೆವು. ತೀ.ನಂ.ಶ್ರೀ.ಯವರ ‘ಭಾರತೀಯ ಕಾವ್ಯಮೀಮಾಂಸೆ’ ಮನೆಯಲ್ಲಿತ್ತು. ರಸಾಸ್ವಾದಕ್ಕೆ ಬರುವ ವಿಘ್ನಗಳನ್ನು ಅಭಿನವಗುಪ್ತ ಎಣಿಸುತ್ತಾನಲ್ಲ, ಅವುಗಳಲ್ಲಿ ಒಂದು ತನ್ನ ಸ್ವಂತ ಸುಖದುಃಖಗಳಿಗೆ ಪರವಶನಾಗುವುದು. ಕಾವ್ಯದ ಮುಂದೆ ಕುಳಿತು ತನ್ನ ಮನೆಯ ಲೆಕ್ಕ ನೆನೆಯುವವನಿಗೆ ರಸವಿಲ್ಲ. ಸರಿ, ನಮಗೆ ತಕ್ಕ ತೀರ್ಪೇ ಆಯಿತೆಂದು ತಲೆಬಾಗಿದೆವು. ಆದರೆ ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಯೋಚನೆ ಬಂದಿತು. ಆ ತಾಯಿ ಹಾಡು ಕೇಳುವಾಗ ನೆನೆದದ್ದೂ ತಮ್ಮ ಸ್ವಂತ ಮಗನನ್ನೇ. ನಮ್ಮ ನಗು ವಿಘ್ನವಾದರೆ ಅವರ ಕಣ್ಣೀರೂ ವಿಘ್ನವೇ ಆಗಬೇಕು. ಅವರ ಎದುರು ನಿಂತು ಹಾಗೆಂದು ಹೇಳುವ ಎದೆ ಯಾರಿಗಿದೆ? ಹಾಡು ಹುಟ್ಟಿದ ನೋವಿಗೆ ಅವರ ನೋವು ಹತ್ತಿರ, ಆದ್ದರಿಂದ ಅವರ ಹಕ್ಕು ದೊಡ್ಡದು ಎನ್ನೋಣವೇ? ಹಾಗೆಂದರೆ ಬೀಸುವ ಹಾಡುಗಳ ಗತಿಯೇನು? ಅವನ್ನು ಕಟ್ಟಿದ ಹೆಣ್ಣುಮಕ್ಕಳ ಹೆಸರೇ ಗೊತ್ತಿಲ್ಲ, ಇನ್ನು ಅವರ ನೋವನ್ನು ಎಲ್ಲಿಂದ ತರುವುದು?

ಶಾಕುಂತಲದ ಐದನೆಯ ಅಂಕದಲ್ಲಿ ಕಾಳಿದಾಸ ಒಂದು ಸೊಗಸಾದ ಪ್ರಸಂಗ ತಂದಿದ್ದಾನೆ. ಅರಮನೆಯೊಳಗಿಂದ ಹಂಸಪದಿಕೆಯ ಹಾಡು ಕೇಳಿಬರುತ್ತದೆ. ದೊರೆ ತನ್ನನ್ನು ಮರೆತನೆಂದು ಆಕೆಯ ದೂರು. ದುಷ್ಯಂತನಿಗೆ ದೂರು ಅರ್ಥವಾಗುತ್ತದೆ. ಆದರೆ ಮನಸ್ಸು ಕಲಕುವುದು ಅದಕ್ಕಲ್ಲ. ಪ್ರಿಯರಾದವರು ಯಾರೂ ದೂರವಿಲ್ಲದಿದ್ದರೂ ಈ ತಳಮಳವೇಕೆ ಎಂದು ಅವನು ಚಿಂತಿಸುತ್ತಾನೆ, ಹಿಂದಿನ ಜನ್ಮದ ಸ್ನೇಹವಿರಬೇಕೆಂದುಕೊಳ್ಳುತ್ತಾನೆ. ಅವನು ಮರೆತಿರುವ ಶಕುಂತಲೆ ಆಗಲೇ ಬಾಗಿಲ ಬಳಿಗೆ ಬರುತ್ತಿದ್ದಾಳೆ. ಹಾಡಿದವಳ ಅಳಲು ಒಂದು, ಕೇಳಿದವನ ಅಳಲು ಇನ್ನೊಂದು. ಅದೂ ಅವನಿಗೇ ತಿಳಿಯದ್ದು. ಕಾಳಿದಾಸ ಅವನನ್ನು ಇದಕ್ಕಾಗಿ ಗದರಿಸುವುದಿಲ್ಲ. ಅಭಿನವಗುಪ್ತನೂ ಆ ಜಾಗದ ಶ್ಲೋಕವನ್ನು ರಸವಿಚಾರದಲ್ಲಿ ಎತ್ತಿಕೊಂಡಿದ್ದಾನೆಂಬುದು ನಮಗೆ ಸ್ವಲ್ಪ ಧೈರ್ಯ ಕೊಟ್ಟಿತು.

ಒಂದು ದಿನ ಇದನ್ನೆಲ್ಲ ನಮ್ಮಾಕೆಯ ಮುಂದೆ ಬಿಚ್ಚಿದೆವು. ಆಕೆ ಹುರುಳಿಕಾಯಿ ಸೋಸುತ್ತಿದ್ದಳು. ತಲೆಯೆತ್ತದೆ ಹೇಳಿದಳು: “ಆ ರಾತ್ರಿ ಏಳು ಗಂಟೆಯಿಂದ ಬಾಗಿಲಲ್ಲೇ ನಿಂತಿದ್ದೆ. ಪಕ್ಕದ ಮನೆಯವರು ಗಾಡಿಗಳು ಮುಳುಗಿವೆ ಅಂದರು. ಹತ್ತು ಗಂಟೆಯ ಮೇಲೆ ನೀವು ಇನ್ನಿಲ್ಲ ಅಂತಲೇ ಅಂದುಕೊಂಡಿದ್ದೆ. ನೀವು ಹಾಡಿದಿರಿ, ನಗು ಬಂತು, ನಕ್ಕೆ. ನೋಡಿದ ನೋಟ ಮಾತ್ರ ನಗೆಯದಾಗಿರಲಿಲ್ಲ.”

ಎಂಟು ವರ್ಷ ಆ ನೋಟವನ್ನು ನಾವು ಮುನಿಸೆಂದೇ ಊರೆಲ್ಲ ಸಾರಿದ್ದೆವು. ಹಾಡಿನ ಅರ್ಥ ಗೊತ್ತಿರಲಿಲ್ಲ ಎಂಬುದು ಒಂದು. ನಮ್ಮದೇ ನೆನಪಿನ ಅರ್ಥವೂ ಗೊತ್ತಿರಲಿಲ್ಲ. ಬೇಂದ್ರೆಯವರ ಹಾಡು ನಮ್ಮ ಚಾಳಿನ ಬಾಗಿಲಿಗೆ ಸರಿಯಾಗಿಯೇ ಬಂದಿತ್ತು. ಅದನ್ನು ತಪ್ಪು ವಿಳಾಸಕ್ಕೆ ಒಯ್ದವರು ನಾವು.

ಹಾಡಿಗೆ ನಮ್ಮ ನೆನಪು ಅಂಟಿಕೊಳ್ಳುವುದನ್ನು ತಪ್ಪೆನ್ನಲು ಇಂದಿಗೂ ನಮ್ಮ ಮನಸ್ಸು ಒಪ್ಪುವುದಿಲ್ಲ. ತಪ್ಪಿದ್ದದ್ದು ಆ ಕಥೆ ಹೇಳುವ ಚಟದಲ್ಲಿ. ಸಭೆಯಲ್ಲಿ ನೂರು ಜನ ಕುಳಿತಿದ್ದರೆ ನೂರು ನೆನಪುಗಳಿರುತ್ತವೆ. ನಮ್ಮದನ್ನು ಮೊದಲೇ ಎದ್ದುನಿಂತು ಹೇಳಿಬಿಟ್ಟರೆ ಉಳಿದವರಿಗೆ ಕುಳಿತುಕೊಳ್ಳಲು ಜಾಗವೆಲ್ಲಿ? ಆ ತಾಯಿಗೆ ಅಂದು ನಾವು ಜಾಗ ಬಿಟ್ಟಿರಲಿಲ್ಲ. ಈಗಲೂ ಚೀಟಿ ಕಳಿಸುತ್ತೇವೆ, ಎದ್ದು ನಿಲ್ಲುವುದಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮೊನ್ನೆ ಪುಣೆಯಿಂದ ಮಗಳು ಬಂದಿದ್ದಳು, ಜೊತೆಗೆ ಆರು ವರ್ಷದ ಮೊಮ್ಮಗಳು. ಕನ್ನಡ ಅವಳಿಗೆ ಅಷ್ಟಕ್ಕಷ್ಟೇ, ಆಟವೆಲ್ಲ ಮರಾಠಿಯಲ್ಲಿ. ಗೊಂಬೆಯನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತ, ಮಾತುಗಳನ್ನು ಅರ್ಧರ್ಧ ನುಂಗುತ್ತ, ಅದೇ ಹಾಡನ್ನು ಹೇಳುತ್ತಿದ್ದಳು. ಯಾರು ಕಲಿಸಿದರು ಎಂದು ಕೇಳಿದೆವು.

“ಅಜ್ಜಿ. ಅದು ಪಾಪು ಮಲಗಿಸೋ ಹಾಡು ತಾತ, ನಿಮಗೆ ಗೊತ್ತಿಲ್ವಾ?”

ನಮ್ಮಾಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದಳು. ಗೊತ್ತಿಲ್ಲ ಮರಿ, ಇನ್ನೊಂದು ಸಲ ಹೇಳು ಎಂದೆವು.