ಪಾಠ ಎಲ್ಲಿಗೆ ಬಂತು?

ಸಮಾಮಿಶ್‌ನ ನಮ್ಮ ವಾರಾಂತ್ಯದ ಕನ್ನಡ ತರಗತಿಗೆ ಮಕ್ಕಳನ್ನು ಕರೆತರುವ ತಂದೆತಾಯಂದಿರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಕೇಳುವುದು ಸಹಜ. ಆದರೆ ಯಾರ ಪಾಠ? ಅಜ್ಜಿಯೊಡನೆ ಪಟಪಟನೆ ಮಾತಾಡಿಯೂ ಒಂದಕ್ಷರ ಓದಲು ಬಾರದ ಹುಡುಗನದೇ? ಮುತ್ತಿನಂತೆ ಬರೆದೂ ಬಾಯಿ ತೆರೆಯದ ಹುಡುಗಿಯದೇ? ಸಾಕರ್ ಪಂದ್ಯಕ್ಕೆಂದು ಎರಡು ವಾರ ತಪ್ಪಿಸಿಕೊಂಡು, ಈಗ ಪಿಳಿಪಿಳಿ ನೋಡುತ್ತ ಕುಳಿತವನದೇ?

ಬಂದವರಿಗೆ ಪಾಠ, ಬಾರದವರಿಗೆ ನಷ್ಟ ಎನ್ನುವುದು ಮೇಲ್ನೋಟಕ್ಕೆ ನ್ಯಾಯವೇ. ಆದರೆ ಕಾರು ಓಡಿಸುವವರು ದೊಡ್ಡವರು, ವೇಳಾಪಟ್ಟಿ ಹಾಕುವವರೂ ದೊಡ್ಡವರು. ನಷ್ಟ ಮಾತ್ರ ಏಳು ವರ್ಷದವನ ಪಾಲಿಗೆ!

ಈ ಪ್ರಶ್ನೆಗೆ ನಮ್ಮ ನಾಡಿನಲ್ಲೇ ಉತ್ತರ ಹುಡುಕಿದವರಿದ್ದಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ 'ನಲಿ-ಕಲಿ' ಆರಂಭವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಯ ಪ್ರಯೋಗವನ್ನು ನೋಡಿ ಬಂದು, ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದರು. ಮೆಟ್ಟಿಲಿಗೊಂದಿಷ್ಟು ಕಾರ್ಡು. ತಾನು ಎಲ್ಲಿದ್ದೇನೆಂದು ಮಗುವೇ ಕಲಿಕೆಯ ಏಣಿಯಲ್ಲಿ ನೋಡಿಕೊಳ್ಳಬೇಕು. ಸುಗ್ಗಿಗೋ, ತಮ್ಮನನ್ನು ನೋಡಿಕೊಳ್ಳಲೋ ಶಾಲೆ ತಪ್ಪಿಸಿದ ಮಗು ಮರಳಿದಾಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಹಾಜರಾತಿಯ ಶಿಕ್ಷೆ ಕಲಿಕೆಗೆ ತಟ್ಟುವುದಿಲ್ಲ.

ನಲಿ-ಕಲಿಯಲ್ಲಿ ಅಕ್ಷರಗಳೂ ಅ, ಆ, ಇ, ಈ ಎಂದು ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಐದೇ ಅಕ್ಷರ ಕಲಿತರೆ ಸರ, ಅರಸ, ದಸರ, ಗರಗಸ ಎಲ್ಲವನ್ನೂ ಓದಬಹುದು. ವರ್ಣಮಾಲೆಯನ್ನು ಹೀಗೆ ಕಲಕುವುದು ನಮ್ಮ ಹಿರಿಯರಿಗೆ ಅಪಚಾರವೆನಿಸೀತು. ಆದರೆ ಮನೆಯಲ್ಲಿ ಕನ್ನಡವೇ ಕಿವಿಗೆ ಬೀಳದ ಮಗು 'ಋ'ವನ್ನು ತಿದ್ದುತ್ತ ಆಕಳಿಸುವುದಕ್ಕಿಂತ, ಮೊದಲ ತಿಂಗಳಲ್ಲೇ 'ದಸರ' ಎಂದು ಓದಿ ಹಿಗ್ಗುವುದು ನನಗಂತೂ ಮೇಲು.

"ಹಾಗಾದರೆ ನಮ್ಮ ಮಗಳು ಉಳಿದವರಿಗಾಗಿ ಕಾಯಬೇಕೆ?" ಎಂದು ಚುರುಕಾದ ಮಕ್ಕಳ ಪಾಲಕರು ಕೇಳುತ್ತಾರೆ. ಆಕ್ಷೇಪ ಸರಿಯಾದದ್ದೇ. ಏಣಿಯಲ್ಲಿ ಯಾರೂ ಯಾರಿಗೂ ಕಾಯಬೇಕಿಲ್ಲ. ಆದರೆ ಅಂಥವಳನ್ನು ಇಡೀ ಗಂಟೆ ಪುಟಾಣಿ ಟೀಚರಾಗಿ ದುಡಿಸಿಕೊಳ್ಳುವುದನ್ನು ನಾನು ಒಪ್ಪೆ. ಒಮ್ಮೊಮ್ಮೆ ಪಕ್ಕದವನಿಗೆ ಹೇಳಿಕೊಡಲಿ. ಅವಳೂ ಕಲಿಯಲೆಂದೇ ಬಂದವಳು. ಅವಳ ಮೆಟ್ಟಿಲಿನಲ್ಲಿ ಕಥೆಪುಸ್ತಕ ಸಿದ್ಧವಾಗಿರಬೇಕು. ಎಲ್ಲರನ್ನೂ ಒಳಗೊಳ್ಳುವುದೆಂದರೆ ಹಿಂದುಳಿದವರ ಕಡೆಗೆ ಮಾತ್ರ ತಿರುಗಿ ಕೂರುವುದಲ್ಲ.

ಇದಕ್ಕೆಲ್ಲ ತಯಾರಿ ಬಹಳ ಬೇಕು. ವಾರಕ್ಕೊಂದು ಗಂಟೆಯ ಪಾಠಕ್ಕೆ ಮೂರು ಗಂಟೆ ಕತ್ತರಿ-ಅಂಟಿನ ಕೆಲಸ. ನಮ್ಮದು ಬಾಡಿಗೆಯ ಕೋಣೆ, ಗೋಡೆಗೆ ಏನನ್ನೂ ಹಚ್ಚುವಂತಿಲ್ಲ. ಹಾಗಾಗಿ ಏಣಿಯನ್ನು ಪ್ರತಿ ಮಗುವಿನ ನೋಟುಪುಸ್ತಕದಲ್ಲೇ ಅಂಟಿಸುತ್ತಿದ್ದೇನೆ. ತರಗತಿ ಮುಗಿಯುವವರೆಗೆ ಕಾರಿನಲ್ಲಿ ಕಾಯುವ ಪಾಲಕರು ಒಳಗೆ ಬಂದು ಕಾರ್ಡು ಕತ್ತರಿಸಿಕೊಟ್ಟರೆ ಉಪಕಾರ. ಗರಗಸವನ್ನು ಬಾಚಣಿಗೆಯಂತೆ ಕಾಣದ ಹಾಗೆ ಬರೆಯಬಲ್ಲವರು ಯಾರಾದರೂ ಇದ್ದರೆ ಇನ್ನೂ ಒಳ್ಳೆಯದು.