ನೋಟವೂ ಲೋಭವೂ

ಪರರ ವಸ್ತುವನ್ನು ಕೈಯಿಂದ ಮುಟ್ಟದವನು ನಿರ್ದೋಷಿಯೆಂದು ಲೋಕವು ಸುಲಭವಾಗಿ ಒಪ್ಪುತ್ತದೆ. ಕಣ್ಣಿಗೂ ಲೋಭವುಂಟೇ, ಬರಿಯ ನೋಟದಿಂದಲೂ ಪರಸ್ವತ್ತಿಗೆ ಹಾನಿಯಾದೀತೇ ಎಂಬುದು ಅದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. ಅಮೆರಿಕದ ನೈರುತ್ಯ ಭಾಗದ ಮರುಭೂಮಿಗೆ ಕ್ಯಾಮರಾ ಹೊತ್ತು ಹೋಗುವವರನ್ನು ಈ ಪ್ರಶ್ನೆಯು ಎದುರುಗೊಳ್ಳುತ್ತದೆ.

ಯೂಟಾ, ಕೊಲರಾಡೊ, ಅರಿಜೋನ, ನ್ಯೂ ಮೆಕ್ಸಿಕೊ ರಾಜ್ಯಗಳು ಕೂಡುವ ಆ ಸೀಮೆಯಲ್ಲಿ ನೀರು ಕೊರೆದ ಆಳವಾದ ಕಮರಿಗಳಿವೆ. ಅಲ್ಲಿ ಬಂಡೆಯ ಮರೆಯಲ್ಲಿ ಕಲ್ಲುಮಣ್ಣಿನ ಮನೆಗಳೂ ಕಾಳಿನ ಕಣಜಗಳೂ ಉಳಿದಿವೆ. ಗೋಡೆಯ ಮಣ್ಣಿನಲ್ಲಿ ಕಟ್ಟಿದವರ ಬೆರಳಿನ ಗುರುತು ಕೂಡ ಕೆಲವೆಡೆ ಮಾಸಿಲ್ಲ. ಮೆಕ್ಕೆಜೋಳ ಬೆಳೆದು ಬಾಳಿದ ಆ ಜನರು 13ನೆಯ ಶತಮಾನದ ಕೊನೆಯಲ್ಲಿ, ಅನಾವೃಷ್ಟಿಯ ಕಾಲದಲ್ಲಿ, ದಕ್ಷಿಣಕ್ಕೆ ಸರಿದರು. ಅವರು ಅಳಿದುಹೋದರೆಂದು ಬರೆಯುವುದು ತಪ್ಪು. ಹೋಪಿ, ಜೂನಿ ಮೊದಲಾದ ಪ್ಯೂಬ್ಲೊ ಜನರು ಅವರ ಸಂತತಿ. ಪ್ರವಾಸಿಯು ಪಾಳೆಂದು ಕರೆಯುವುದು ಇವರಿಗೆ ಹಿರಿಯರ ಮನೆ, ಹಿರಿಯರ ಸಮಾಧಿ.

1891ರಲ್ಲಿ ಸ್ವೀಡನ್ನಿನ ಗುಸ್ತಾಫ್ ನೂರ್ಡೆನ್‌ಶೋಲ್ಡ್ ಎಂಬ ತರುಣನು ಕೊಲರಾಡೊದ ಮೆಸಾ ವರ್ಡೆಗೆ ಬಂದನು. ಅಗೆದನು, ಅಳೆದನು, ಛಾಯಾಚಿತ್ರಗಳನ್ನು ತೆಗೆದನು. ಸಿಕ್ಕಿದ್ದನ್ನು ಪೆಟ್ಟಿಗೆಗಳಲ್ಲಿ ತುಂಬಿ ಸಾಗಿಸಲು ಹೊರಟಾಗ ಬಂಧಿತನಾದನು. ತಡೆಯುವ ಕಾನೂನೇ ಇರಲಿಲ್ಲವಾಗಿ ಬಿಡುಗಡೆಯೂ ಆಯಿತು. ಆ ಸಂಗ್ರಹವು ಕಡೆಗೆ ಫಿನ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಸೇರಿತು. ಪ್ರಾಚೀನ ಅವಶೇಷಗಳನ್ನು ಕಾಯುವ ಶಾಸನವು ಬಂದದ್ದು 1906ರಲ್ಲಿ. ಅವನೊಯ್ದುದರಲ್ಲಿ ಸುಮಾರು 20 ಮಂದಿಯ ಅವಶೇಷಗಳೂ 28 ಸಮಾಧಿವಸ್ತುಗಳೂ 2020ರಲ್ಲಷ್ಟೇ ಮೆಸಾ ವರ್ಡೆಯ ಮಣ್ಣಿಗೆ ಮರಳಿದವು. ಅಸ್ಥಿಯನ್ನು ಒಯ್ದ ಕೈಯೇ ಚಿತ್ರವನ್ನೂ ತೆಗೆಯಿತು. ಆದರೂ ಇವೆರಡು ಒಂದೇ ಬಗೆಯ ಕೃತ್ಯಗಳಲ್ಲ. 1893ರ ಅವನ ಗ್ರಂಥವು ಆ ಊರುಗಳ ಹಿರಿಮೆಯನ್ನು ಲೋಕಕ್ಕೆ ತಿಳಿಸಿತೆಂಬುದನ್ನೂ ಮರೆಯಲಾಗದು.

ಹಾಗೆಂದು ಚಿತ್ರವು ಸದಾ ನಿರಪಾಯವೂ ಅಲ್ಲ. ಹಿಂದೆ ಬಂಡೆಯ ಮೇಲಿನ ರೇಖೆಗಳು ಚಿತ್ರದಲ್ಲಿ ಚೆನ್ನಾಗಿ ಮೂಡಲೆಂದು ಅವುಗಳ ಮೇಲೆ ಸೀಮೆಸುಣ್ಣವನ್ನು ತೀಡಿದವರುಂಟು. ಇಂದು ಮೊಬೈಲ್ ಫೋನಿನ ಚಿತ್ರದೊಳಗೆ ಸ್ಥಳದ ಅಕ್ಷಾಂಶ ರೇಖಾಂಶಗಳೇ ಅಡಗಿರಬಹುದು. ಒಂದು ಚಿತ್ರದ ಬೆನ್ನು ಹಿಡಿದು ನೂರು ಜನ ಬಂದರೆ, ಅವರಲ್ಲಿ ಗೋಡೆಗೆ ಒರಗುವವನೂ ಮಡಕೆಯ ಚೂರನ್ನು ಜೇಬಿಗಿಳಿಸುವವನೂ ಇದ್ದೇ ಇರುತ್ತಾರೆ. 1979ರ ಶಾಸನವು ಇಂತಹ ಸ್ಥಳಗಳ ವಿವರವನ್ನು ಗುಪ್ತವಾಗಿಡಲು ಸರ್ಕಾರಕ್ಕೆ ಅವಕಾಶವಿತ್ತಿರುವುದು ಸುಮ್ಮನೆ ಅಲ್ಲ.

ಆದುದರಿಂದ ವಿವೇಕವುಳ್ಳ ಛಾಯಾಗ್ರಾಹಕರು ಚಿತ್ರವನ್ನು ತೋರಿಸಿದರೂ ಸ್ಥಳವನ್ನು ಹೇಳುವುದಿಲ್ಲ. ಇದು ಸಂಯಮವೋ, ತಾನು ಕಂಡದ್ದು ತನಗೊಬ್ಬನಿಗೇ ಇರಲೆಂಬ ಲೋಭದ ಇನ್ನೊಂದು ವೇಷವೋ? ಎರಡೂ ಸಾಧ್ಯ. ಹೊರಗಿನ ನಡೆ ಒಂದೇ ಆದರೂ ಒಳಗಿನ ಬುದ್ಧಿ ಬೇರೆ. ತಾನೇ ಕಂಡುಹಿಡಿದೆನೆಂದು ಬೀಗಿ ಬಚ್ಚಿಡುವವನು ಆ ಮನೆಯ ಯಜಮಾನಿಕೆಯನ್ನು ಮನಸ್ಸಿನಲ್ಲಿಯೇ ವಹಿಸಿಕೊಂಡಿದ್ದಾನೆ. ಮನೆ ಪರರದೆಂದು ತಿಳಿದು ಸುಮ್ಮನಿರುವವನಿಗೆ, ಬೇಡವೆಂದಲ್ಲಿ ಕ್ಯಾಮರಾವನ್ನು ಚೀಲದಿಂದ ತೆಗೆಯದಿರುವುದೂ ಕಷ್ಟವಾಗದು. ಹೋಪಿ ಜನರು ತಮ್ಮ ಹಳ್ಳಿಗಳಲ್ಲಿ ಛಾಯಾಚಿತ್ರಗಳನ್ನು ತೆಗೆಯಲು ಬಿಡುವುದಿಲ್ಲ; ಬಂದವರು ಕ್ಯಾಮರಾವನ್ನು ಒಳಗಿಟ್ಟುಕೊಂಡೇ ನಡೆದು ನೋಡಬೇಕು.