ಹಾಸಿಗೆಯ ಅಳತೆ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಅಲ್ಲಗಳೆಯುವವರು ನಮ್ಮಲ್ಲಿ ಯಾರೂ ಇಲ್ಲ. ಅದರಂತೆ ನಡೆಯುವವರು ಮಾತ್ರ ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಇದಕ್ಕೆ ಜನರ ದುರಾಶೆಯೊಂದೇ ಕಾರಣವೆಂದು ನಾನು ಹೇಳಲಾರೆ. ಗಾದೆ ಹುಟ್ಟಿದ ಕಾಲದಲ್ಲಿ ಹಾಸಿಗೆ ಕಣ್ಣಿಗೆ ಕಾಣುತ್ತಿತ್ತು. ಹಗೇವಿನಲ್ಲಿ ಜೋಳವೆಷ್ಟು, ಕೊಟ್ಟಿಗೆಯಲ್ಲಿ ಎತ್ತುಗಳೆಷ್ಟು, ಗಂಟಿನಲ್ಲಿ ರೊಕ್ಕವೆಷ್ಟು ಎಂಬುದನ್ನು ಮನೆಯ ಯಜಮಾನ ಕತ್ತಲಲ್ಲಿಯೂ ಎಣಿಸಿ ಹೇಳಬಲ್ಲವನಾಗಿದ್ದ. ಇಂದು ನಮ್ಮ ಹಾಸಿಗೆಯನ್ನು ಅಳೆಯುವವರು ನಾವಲ್ಲ, ಸಾಲ ಕೊಡುವವರು. ಅವರು ಸಂಬಳದ ಚೀಟಿಯನ್ನು ನೋಡುತ್ತಾರೆ; ನಮ್ಮ ವಯಸ್ಸನ್ನು ಅರುವತ್ತರಿಂದ ಕಳೆಯುತ್ತಾರೆ; "ನಿಮ್ಮ ಹಾಸಿಗೆ ಇಪ್ಪತ್ತು ವರ್ಷದಷ್ಟು ಉದ್ದವಿದೆ, ಧಾರಾಳವಾಗಿ ಕಾಲು ಚಾಚಿರಿ" ಎನ್ನುತ್ತಾರೆ. ನಾಳೆ ಗಳಿಸಬಹುದಾದದ್ದು ಇಂದೇ ನನ್ನದಾಗುವುದೇ? ಪ್ರಶ್ನೆ ಇರುವುದು ಇಲ್ಲಿ.

ಮೊದಲು ಲೆಕ್ಕವನ್ನು ನೋಡೋಣ. 30 ಲಕ್ಷ ರೂಪಾಯಿಯನ್ನು ನೂರಕ್ಕೆ 9ರ ಬಡ್ಡಿಯಂತೆ 20 ವರ್ಷಕ್ಕೆ ಸಾಲ ಪಡೆದರೆ ತಿಂಗಳ ಕಂತು ಸುಮಾರು 27,000 ರೂಪಾಯಿ ಆಗುತ್ತದೆ. ಮೊದಲನೆಯ ಕಂತಿನಲ್ಲಿ 22,500 ರೂಪಾಯಿ ಬಡ್ಡಿಗೇ ಹೋಗಿ, ಅಸಲಿಗೆ ಸಲ್ಲುವುದು ನಾಲ್ಕೂವರೆ ಸಾವಿರ ಮಾತ್ರ. ಕೊನೆಯ ಕಂತನ್ನು ಕಟ್ಟುವ ಹೊತ್ತಿಗೆ ಕೊಟ್ಟದ್ದು ಹತ್ತಿರ ಹತ್ತಿರ 65 ಲಕ್ಷ. ಒಂದು ಮನೆಯಲ್ಲಿ ವಾಸಿಸಿ ಎರಡು ಮನೆಗಳ ಬೆಲೆ ತೆತ್ತಂತಾಯಿತು.

ಆದರೆ ಈ ಲೆಕ್ಕವನ್ನು ತೋರಿಸಿ ಸಾಲಗಾರನನ್ನು ಮೂರ್ಖನೆನ್ನುವುದು ಅನ್ಯಾಯ. ಸಾಲ ಮಾಡದವನು ಆ ಇಪ್ಪತ್ತು ವರ್ಷವೂ ಬಾಡಿಗೆ ಕೊಡಲೇಬೇಕು. ಹಿಂದಿನ ತಲೆಮಾರಿನ ನೌಕರರಲ್ಲಿ ಎಷ್ಟೋ ಜನ ನಿವೃತ್ತರಾದ ಮೇಲೆ ಭವಿಷ್ಯನಿಧಿಯ ಹಣ ಕೈಗೆ ಬಂದಾಗ ಮನೆ ಕಟ್ಟಿಸಿದರು. ಗೃಹಪ್ರವೇಶದ ದಿನ ಮಕ್ಕಳು ಪರವೂರಿನಿಂದ ಅತಿಥಿಗಳಂತೆ ಬಂದು ಹೋದರು. ಅವರ ಬಾಲ್ಯವೆಲ್ಲ ಬಾಡಿಗೆಯ ಕೋಣೆಗಳಲ್ಲಿ ಕಳೆದುಹೋಗಿತ್ತು. 1977ರಲ್ಲಿ ಎಚ್.ಟಿ. ಪಾರೇಖರು ಮುಂಬಯಿಯಲ್ಲಿ ಎಚ್‌ಡಿಎಫ್‌ಸಿ ಸಂಸ್ಥೆಯನ್ನು ಸ್ಥಾಪಿಸಿ ಮಧ್ಯಮ ವರ್ಗದವರಿಗೆ ಗೃಹಸಾಲದ ಬಾಗಿಲನ್ನು ತೆರೆದದ್ದು ಉಪಕಾರವೇ ಹೊರತು ಅಪಕಾರವಲ್ಲ. ಮಕ್ಕಳು ಆಡುವ ವಯಸ್ಸಿನಲ್ಲಿಯೇ ಅವರಿಗೊಂದು ಅಂಗಳ ದೊರೆಯುವುದಾದರೆ ಅದಕ್ಕೂ ಒಂದು ಬೆಲೆಯುಂಟು.

ಮೋಟಾರಿನ ಮಾತು ಬೇರೆ. 8 ಲಕ್ಷದ ಸಾಲವನ್ನು ನೂರಕ್ಕೆ 10ರಂತೆ 7 ವರ್ಷದಲ್ಲಿ ತೀರಿಸಿದರೆ ಬಡ್ಡಿಯೇ 3 ಲಕ್ಷವನ್ನು ಮೀರುತ್ತದೆ; ಅಷ್ಟರಲ್ಲಿ ಗಾಡಿ ಹಳೆಯದಾಗಿ ಅದರ ಬೆಲೆ ಕರಗಿರುತ್ತದೆ. ಅಮೇರಿಕದಲ್ಲಿ ಈ ವಿಚಾರ ಒಮ್ಮೆ ನೇರವಾಗಿಯೇ ಪರೀಕ್ಷೆಗೆ ಬಂತು. ಜನರಲ್ ಮೋಟರ್ಸ್ ಕಂಪನಿ 1919ರಲ್ಲಿ ತನ್ನದೇ ಒಂದು ಸಾಲದ ಸಂಸ್ಥೆಯನ್ನು ತೆರೆದು, ಮೊದಲು ಗಾಡಿ ಒಯ್ಯಿರಿ, ಆಮೇಲೆ ಕಂತು ಕಟ್ಟಿರಿ ಎಂದಿತು. ಸಾಲವೆಂದರೆ ಆಗದ ಹೆನ್ರಿ ಫೋರ್ಡ್ 1923ರಲ್ಲಿ ಅದಕ್ಕೆ ವಿರುದ್ಧವಾದ ಯೋಜನೆಯನ್ನು ತಂದ: ವಾರವಾರವೂ ಸ್ವಲ್ಪ ಸ್ವಲ್ಪ ಕೂಡಿಡಿರಿ, ಪೂರ್ತಿ ಬೆಲೆಯಾದ ದಿನ ಗಾಡಿ ಒಯ್ಯಿರಿ ಎಂದ. ಕೊಡಬೇಕಾದ ಹಣ ಎರಡರಲ್ಲಿಯೂ ಕಂತುಕಂತಾಗಿಯೇ. ಒಂದರಲ್ಲಿ ಕಾಯುವವನು ಕಂಪನಿಯವನು, ಇನ್ನೊಂದರಲ್ಲಿ ಕೊಳ್ಳುವವನು. ಜನ ಕಾಯಲು ಒಪ್ಪಲಿಲ್ಲ. ಫೋರ್ಡನ ಯೋಜನೆ ನಡೆಯಲಿಲ್ಲ. ಅಂದಿನಿಂದ ಜಗತ್ತೆಲ್ಲ ಜನರಲ್ ಮೋಟರ್ಸಿನ ಹಾದಿಯನ್ನೇ ಹಿಡಿದಿದೆ. ನಮ್ಮ ಹುಬ್ಬಳ್ಳಿ-ಧಾರವಾಡಗಳ ನಡುವೆ 2018ರಿಂದ ಚಿಗರಿ ಬಸ್ಸು ತನ್ನದೇ ಹಾದಿಯಲ್ಲಿ ಓಡುತ್ತಿದ್ದರೂ, ಅದರ ಪಕ್ಕದ ರಸ್ತೆಯಲ್ಲಿ ಕಂತಿನ ಕಾರುಗಳು ಒಂದರ ಹಿಂದೊಂದು ನಿಂತು ಹೊಗೆಯಾಡುತ್ತಿರುತ್ತವೆ.

ಕಾಯುವುದು ಅಷ್ಟು ಕಠಿಣವೇ ಎಂದು ಯೋಚಿಸುವಾಗ ನನಗೆ ಶಿರಗುಪ್ಪಿಯ ನೆನಪಾಗುತ್ತದೆ. ಹುಬ್ಬಳ್ಳಿಯಿಂದ ಗದಗಿನ ಹಾದಿ ಹಿಡಿದರೆ ಸಿಗುವ ಎರೆಯ ನಾಡಿನ ಊರು ಅದು. ಹತ್ತಿ, ಮೆಣಸಿನಕಾಯಿ, ಕಡಲೆ, ಬಿಳಿಜೋಳ ಅಲ್ಲಿಯ ಬೆಳೆ. ಎರೆಮಣ್ಣು ಮಳೆಗಾಲದ ನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಂಡು ಹಿಂಗಾರಿಯ ಪೈರನ್ನು ಸಾಕುತ್ತದೆ. ಒಂದು ರೀತಿಯಲ್ಲಿ ಉಳಿತಾಯದ ಮಣ್ಣು ಅದು. ಅಲ್ಲಿ ನನ್ನ ಕಾಕಾ ಒಬ್ಬರು ಹೇಳುತ್ತಿದ್ದ ಮಾತಿದು: "ಬೀಜಕ್ಕ ಸಾಲ ಮಾಡಬಹುದೋ ತಮ್ಮಾ, ಭೂಮಿತಾಯಿ ತೀರಸ್ತಾಳ. ಆದ್ರ ಮಳಿ ಆದ್ರ ಅನ್ನೂ ಮಾತಿನ ಮ್ಯಾಲ ಮಾಳಗಿ ಕಟ್ಟಬ್ಯಾಡ."

ಈ ವಿವೇಕ ಎರೆಯ ನಾಡಿಗೆ ಪುಕ್ಕಟೆಯಾಗಿ ಬಂದದ್ದಲ್ಲ. ಅಮೇರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲಂಡಿಗೆ ಹೋಗುವುದು ನಿಂತಿತು. ಮುಂಬಯಿ ಪ್ರಾಂತದ ಹತ್ತಿಗೆ, 'ಧಾರವಾಡ ಅಮೇರಿಕನ್' ಎಂದು ಹೆಸರಾಗಿದ್ದ ನಮ್ಮ ಕಡೆಯ ಹತ್ತಿಗೂ, ಎಂದೂ ಕಾಣದ ಬೆಲೆ ಬಂತು. ಬೆಲೆ ಏರಿದಾಗ ಸಾಹುಕಾರರು ತಾವಾಗಿಯೇ ಸಾಲ ಕೊಡಲು ಮುಂದೆ ಬಂದರು. ಯುದ್ಧ ಮುಗಿಯಿತು, ಬೆಲೆ ಬಿತ್ತು. ಪತ್ರದಲ್ಲಿ ಬರೆದ ಸಾಲ ಮಾತ್ರ ಬೀಳಲಿಲ್ಲ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲದ ಪತ್ರಗಳನ್ನು ಸುಟ್ಟರು. ಮುಂದೆ 1879ರಲ್ಲಿ ಸರಕಾರ ರೈತರ ಪರಿಹಾರಕ್ಕಾಗಿ ಕಾಯಿದೆಯನ್ನೇ ಮಾಡಬೇಕಾಯಿತು. ಒಳ್ಳೆಯ ವರ್ಷವನ್ನು ಎಲ್ಲ ವರ್ಷಗಳಿಗೂ ಅಳತೆಗೋಲಾಗಿ ಹಿಡಿದದ್ದೇ ಅಲ್ಲಿ ಆದ ಪ್ರಮಾದ.

ಪೇಟೆಯ ನೌಕರ ಇದನ್ನು ಓದಿ, "ನನ್ನದು ಮಳೆಯಲ್ಲ, ಸಂಬಳ, ತಿಂಗಳ ಮೊದಲನೆಯ ತಾರೀಖಿಗೆ ತಪ್ಪದೆ ಬರುತ್ತದೆ" ಎಂದುಕೊಳ್ಳಬಹುದು. ಆದರೆ ಸಂಬಳವೂ ಒಂದು ಮಳೆಯೇ ಎಂಬುದನ್ನು 2020ನೆಯ ವರ್ಷ ಮನೆಮನೆಗೂ ತಿಳಿಸಿ ಹೋಗಿದೆ. ಆ ವರ್ಷದ ಮಾರ್ಚಿಯಲ್ಲಿ ಊರೆಲ್ಲ ಬಾಗಿಲು ಹಾಕಿದಾಗ, ರಿಸರ್ವ್ ಬ್ಯಾಂಕು ಮೊದಲು ಮೂರು ತಿಂಗಳು, ಆಮೇಲೆ ಮತ್ತೆ ಮೂರು ತಿಂಗಳು ಕಂತುಗಳನ್ನು ಮುಂದೂಡಲು ಅನುಮತಿ ಕೊಟ್ಟಿತು. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ.

ಇಷ್ಟಾದರೂ ಬಡ್ಡಿಯನ್ನು ಸಾಲದ ದೊಡ್ಡ ಬೆಲೆಯೆಂದು ನಾನು ಎಣಿಸುವುದಿಲ್ಲ. ನಮ್ಮ ಕಡೆ 'ಒಲ್ಲೆ' ಎಂಬ ಒಂದು ಮಾತುಂಟು. ಊಟಕ್ಕೆ ಕುಳಿತ ಮಗುವಿನಿಂದ ಹಿಡಿದು ಮುದುಕರವರೆಗೆ ಎಲ್ಲರೂ ಅದನ್ನು ಆಡುತ್ತಾರೆ. ಎರಡಕ್ಷರದ ಆ ಮಾತಿನಲ್ಲಿ ಮನುಷ್ಯನ ಸ್ವಾತಂತ್ರ್ಯವೆಲ್ಲ ಅಡಗಿದೆ. ನನ್ನ ಪರಿಚಯದ ಒಬ್ಬ ತರುಣ ಕೆಲಸ ಮಾಡುವಲ್ಲಿ ಮೇಲಿನವರು ಒಮ್ಮೆ ಸುಳ್ಳು ಲೆಕ್ಕಕ್ಕೆ ಸಹಿ ಕೇಳಿದರು. ಅವನು ಅಪ್ರಾಮಾಣಿಕನಲ್ಲ. ಒಲ್ಲೆ ಎನ್ನಬೇಕೆಂದು ಮನಸ್ಸು ಹೇಳಿತು. ಐದನೆಯ ತಾರೀಖಿಗೆ ಮನೆಯ ಕಂತು, ಏಳಕ್ಕೆ ಕಾರಿನ ಕಂತು ಎಂದು ಲೆಕ್ಕ ಹೇಳಿತು. ಅವನು ಸಹಿ ಮಾಡಿದ. ಆ ಸಹಿಯ ಬೆಲೆ ಯಾವ ಬಡ್ಡಿಯ ಕೋಷ್ಟಕದಲ್ಲಿಯೂ ಬರುವುದಿಲ್ಲ. ಅವನಿಗೆ ಮಾರಾಟವಾದದ್ದು ಮನೆ ಮತ್ತು ಗಾಡಿ. ಅವನು ಮಾರಿದ್ದು ಒಲ್ಲೆ ಎನ್ನುವ ಶಕ್ತಿಯನ್ನು.

ಹಾಗಾದರೆ ಸಾಲವೇ ಬೇಡವೆ? ಅದಕ್ಕೆ ಉತ್ತರವೂ ಶಿರಗುಪ್ಪಿಯ ಹಾದಿಯಲ್ಲಿಯೇ ಸಿಗುತ್ತದೆ. ಮುಂದೆ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಒಂದು ಸಹಕಾರಿ ಸಂಘವನ್ನು ಕಟ್ಟಿದರು. ಭಾರತದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಅದು ಹೆಸರಾಗಿದೆ. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಲು ಅವರು ಹೂಡಿದ ಉಪಾಯವೂ ಸಾಲವೇ ಎಂಬುದನ್ನು ಗಮನಿಸಬೇಕು. ಆದರೆ 1904ರ ಕಾಯಿದೆಯ ಪ್ರಕಾರ ಹಳ್ಳಿಯ ಇಂಥ ಸಂಘಗಳಲ್ಲಿ ಸದಸ್ಯರ ಹೊಣೆಗಾರಿಕೆಗೆ ಮಿತಿಯಿರಲಿಲ್ಲ; ಒಬ್ಬ ಮುಳುಗಿದರೆ ಉಳಿದವರೆಲ್ಲ ತೆರಬೇಕು. ಹೀಗಿದ್ದಮೇಲೆ ಸಾಲ ಕೇಳಲು ಬಂದವನನ್ನು ನೆರೆಯವನು "ಯಾತಕ್ಕಪ್ಪಾ?" ಎಂದು ಕೇಳದೆ ಬಿಟ್ಟಾನೆಯೇ? ಎತ್ತಿಗೋ, ಬೀಜಕ್ಕೋ, ಮದುವೆಯ ಮೆರವಣಿಗೆಗೋ ಎಂಬ ವಿಚಾರಣೆ ಸಾಲದ ಜತೆಗೇ ಹುಟ್ಟಿತು. ಇಂದು ಫೋನಿನಲ್ಲಿ ಸಾಲ ನೀಡುವ ದನಿ ಎಲ್ಲವನ್ನೂ ಕೇಳುತ್ತದೆ. 'ಯಾತಕ್ಕೆ' ಎಂಬುದನ್ನು ಮಾತ್ರ ಮನಸ್ಸಿಟ್ಟು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಇನ್ನು ನಮ್ಮ ಮನೆಯೊಳಗೆ ನಾವೇ ಕೇಳಿಕೊಳ್ಳಬೇಕಾಗಿದೆ.

ಮನೆಯೊಳಗೆ ಎಂದು ನಾನು ಬೇಕೆಂದೇ ಹೇಳಿದೆ. ಲಾಲ್ ಬಹಾದೂರ್ ಶಾಸ್ತ್ರಿಗಳು ಪ್ರಧಾನಿಯಾಗಿದ್ದಾಗ ಮನೆಯವರ ಆಸೆಯಂತೆ ಒಂದು ಫಿಯೆಟ್ ಕಾರನ್ನು ಕೊಂಡರು. ಬೆಲೆ 12,000 ರೂಪಾಯಿ, ಅವರಲ್ಲಿದ್ದದ್ದು 7,000. ಉಳಿದ 5,000ವನ್ನು ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ ಸಾಲ ತಂದರು. ಸಾಲ ತೀರುವ ಮೊದಲೇ, 1966ರ ಜನವರಿ 11ರಂದು, ತಾಷ್ಕೆಂಟಿನಲ್ಲಿ ತೀರಿಕೊಂಡರು. ಅವರ ಪತ್ನಿ ಲಲಿತಾ ಶಾಸ್ತ್ರಿಯವರು ತಮಗೆ ಬರುತ್ತಿದ್ದ ಪಿಂಚಣಿಯಿಂದ ಅದನ್ನು ತೀರಿಸಿದರೆಂದು ಮಗ ಅನಿಲ ಶಾಸ್ತ್ರಿಯವರು ಹೇಳಿದ್ದಾರೆ. ಇದನ್ನು ನಾವು ಪ್ರಾಮಾಣಿಕತೆಯ ಕಥೆಯಾಗಿ ಹೇಳುತ್ತೇವೆ, ಅದು ಸರಿ. ನನಗೆ ಇನ್ನೂ ಒಂದು ವಿಷಯ ಕಾಣುತ್ತದೆ. ಸಾಲಕ್ಕೆ ಸಹಿ ಹಾಕುವವನು ಒಬ್ಬ, ತೀರಿಸುವವರು ಬೇರೆ ಯಾರೋ ಆಗಬಹುದು. ಶಾಸ್ತ್ರಿಗಳು ತಂದ ಸಾಲ ವಿಧವೆಯ ಪಿಂಚಣಿಯೂ ಹೊರಬಲ್ಲಷ್ಟು ಸಣ್ಣದಾಗಿತ್ತು.

ಆದ್ದರಿಂದ ಹಾಸಿಗೆಯನ್ನು ಅಳೆಯಬೇಕಾದದ್ದು ಸಂಬಳ ಬಂದ ದಿನವಲ್ಲ, ಬಾರದ ದಿನವನ್ನು ಕಣ್ಮುಂದೆ ಇಟ್ಟುಕೊಂಡು. ಆರು ತಿಂಗಳು ಮಳೆ ಕೈಕೊಟ್ಟರೂ ಕಂತು ನಡೆದೀತೇ? ನಾನಿಲ್ಲದಿದ್ದರೆ ಉಳಿದವರು ಹೊತ್ತಾರೇ? ನಾಳೆ ಮೇಲಿನವನು ಆಗದ ಕೆಲಸ ಹೇಳಿದರೆ ಒಲ್ಲೆ ಎನ್ನಲು ನಾಲಗೆ ಏಳುತ್ತದೆಯೇ? ಇವಕ್ಕೆ ಹೌದೆನ್ನಬಲ್ಲವನು ಸಾಲ ಮಾಡಿ ಮನೆ ಕಟ್ಟಲಿ. ಅವನು ಹಾಸಿಗೆಯೊಳಗೇ ಇದ್ದಾನೆ. ಹೌದೆನ್ನಲಾರದವನು ಕಾರಿನ ಅಂಗಡಿಯ ಗಾಜಿನ ಮುಂದೆ ನಿಂತು, ನೋಡಿ ಸಂತೋಷಪಟ್ಟು, ಚಿಗರಿ ಬಸ್ಸು ಹತ್ತಿದರೆ ಮರ್ಯಾದೆಗೆ ಕುಂದೇನೂ ಬರಲಾರದು.